ದಂಡಕ್ಕೂ ಒಂದು ಆಷಾಢ

ಬೆಳಿಗ್ಗೆ ಎಂಟೂಕಾಲರ ಹೊತ್ತು. ಬೆಂಗಳೂರಿನ ಕೆಂಪಾಪುರದ ಮುಖ್ಯರಸ್ತೆ ಹೊರವರ್ತುಲ ರಸ್ತೆಯ ಸರ್ವಿಸ್ ರೋಡಿಗೆ ಬಂದು ಸೇರುವ ಕಡೆ ಒಂದು ಟೀ ಅಂಗಡಿ. ಅಂಗಡಿ ಎಂದರೆ ಒಂದು ಸ್ಟೌವ್, ಎರಡು ಫ್ಲಾಸ್ಕು, ಬನ್ನು ನಿಪ್ಪಟ್ಟು ತುಂಬಿದ ನಾಲ್ಕು ಗಾಜಿನ ಡಬ್ಬಿ, ಅಷ್ಟೆ. ಒಂದು ಕಡೆ ಹೆಬ್ಬಾಳದ ಮೇಲ್ಸೇತುವೆಯ ಬಾಗು. ಇನ್ನೊಂದು ಕಡೆ ಮಾನ್ಯತಾ ಟೆಕ್ ಪಾರ್ಕಿನತ್ತ ತೆವಳುವ ಕ್ಯಾಬುಗಳ ಸಾಲು. ನಡುವೆ ಮೆಟ್ರೊ ನೀಲಿ ಮಾರ್ಗದ ಕಂಬಗಳು, ಅವುಗಳಿಂದ ಉದುರಿ ಎಲ್ಲರ ಕೂದಲ ಮೇಲೂ ಸಮನಾಗಿ ಕೂರುವ ಸಿಮೆಂಟಿನ ಧೂಳು. ಕಾಲೇಜಿನ ಹುಡುಗರು ಇಬ್ಬಿಬ್ಬರು, ಮೂವರು ಒಂದೇ ಸ್ಕೂಟರಿನಲ್ಲಿ. ಹಿಂದೆ ಕೂತವನ ಕೈಯಲ್ಲಿ ರೆಕಾರ್ಡ್ ಪುಸ್ತಕ, ಮುಂದೆ ಕೂತವನ ಮೊಣಕೈಯಲ್ಲಿ ಹೆಲ್ಮೆಟ್ಟು.

ಇಲ್ಲಿ ಹೆಲ್ಮೆಟ್ಟಿಗೆ ಮೂರು ಜಾಗ ಇವೆ: ಮೊಣಕೈ, ಪೆಟ್ರೋಲ್ ಟ್ಯಾಂಕು ಮತ್ತು ತಲೆ. ಮೊದಲೆರಡು ಅದರ ಮನೆ, ಮೂರನೆಯದು ನೆಂಟರ ಮನೆ. ಯಾವಾಗ ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುವುದು ಸಿಗ್ನಲಿನ ಬಳಿ ನಿಂತಿರುವ ಬಿಳಿ ಅಂಗಿ, ಖಾಕಿ ಪ್ಯಾಂಟು, ಬಿಳಿ ಟೊಪ್ಪಿ. ಟೊಪ್ಪಿ ಕಂಡ ಕೂಡಲೆ ಹೆಲ್ಮೆಟ್ಟು ಮೊಣಕೈ ಬಿಟ್ಟು ಮೇಲೇರುತ್ತದೆ. ಟೊಪ್ಪಿ ಹಿಂದೆ ಸರಿದು ಐವತ್ತು ಮೀಟರ್ ಆಗುವಷ್ಟರಲ್ಲಿ ಮತ್ತೆ ಇಳಿಯುತ್ತದೆ. ಟೊಪ್ಪಿ ಇನ್ನೂ ಕಾಣದವರಿಗೆ ಎದುರಿನಿಂದ ಬರುವವನು ತನ್ನ ತಲೆಯನ್ನೊಮ್ಮೆ ತಟ್ಟಿ ತೋರಿಸುತ್ತಾನೆ. ಗುರುತಿಲ್ಲ ಪರಿಚಯವಿಲ್ಲ, ಹೆಸರು ಊರು ಗೊತ್ತಿಲ್ಲ; ಆದರೂ ಎಚ್ಚರಿಸುತ್ತಾನೆ. ಲಿಫ್ಟಿನಲ್ಲಿ ಒಬ್ಬರ ಮುಖ ಒಬ್ಬರು ನೋಡದ ಈ ಊರಿನಲ್ಲಿ ಅಪರಿಚಿತರು ಒಬ್ಬರಿಗೊಬ್ಬರು ಇಷ್ಟು ಅಕ್ಕರೆಯಿಂದ ಒದಗುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆ ದಿನ ಅಂಗಡಿಯ ಬಳಿ ಒಬ್ಬ ವಿದ್ಯಾರ್ಥಿನಿ ಸಮೀಕ್ಷೆಗೆ ಬಂದಿದ್ದಳು. ಕೈಯಲ್ಲಿ ಟ್ಯಾಬ್ಲೆಟ್ಟು, ಕೊರಳಲ್ಲಿ ಕಾಲೇಜಿನ ಗುರುತಿನ ಚೀಟಿ. ಟೀ ಕುಡಿಯುತ್ತಿದ್ದ ಒಬ್ಬೊಬ್ಬರನ್ನೂ ಕೇಳುತ್ತಿದ್ದಳು: ಸಂಚಾರ ನಿಯಮಗಳನ್ನು ಪಾಲಿಸುತ್ತೀರಾ? ಯಾವಾಗಲೂ, ಸಾಮಾನ್ಯವಾಗಿ, ಕೆಲವೊಮ್ಮೆ, ಇಲ್ಲವೇ ಇಲ್ಲ. ಮೊಣಕೈಯಲ್ಲಿ ಹೆಲ್ಮೆಟ್ಟು ನೇತು ಹಾಕಿಕೊಂಡಿದ್ದವನು "ಯಾವಾಗ್ಲೂ ಮೇಡಂ" ಎಂದ. ಎದುರು ದಿಕ್ಕಿನಿಂದ ಸರ್ವಿಸ್ ರೋಡಿನಲ್ಲಿ ನುಗ್ಗಿ ಬಂದು ಬೈಕು ನಿಲ್ಲಿಸಿದವನೂ "ಯಾವಾಗ್ಲೂ" ಎಂದ. ಅವಳು ಒತ್ತಿಕೊಂಡಳು. ತಪ್ಪು ಅವಳದಲ್ಲ, ಪ್ರಶ್ನೆಯದು. ಕೇಳಿದರೆ ಎಲ್ಲರೂ ಒಳ್ಳೆಯವರೇ. ನಮ್ಮ ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು 1948ರಲ್ಲಿ ತಾವು ರಾಂಪುರ ಎಂದು ಕರೆದ ಹಳ್ಳಿಗೆ ಹೋಗಿ ತಿಂಗಳುಗಟ್ಟಲೆ ಅಲ್ಲಿಯ ಜನರ ನಡುವೆ ಇದ್ದುಬಿಟ್ಟದ್ದು ಇದಕ್ಕೇ. 1970ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಬೆಂಕಿ ಬಿದ್ದು ಅವರ ಟಿಪ್ಪಣಿಗಳು ಸುಟ್ಟಾಗಲೂ ನೆನಪಿನಿಂದಲೇ ಆ ಊರಿನ ಪುಸ್ತಕ ಬರೆದರು. ಜಗಲಿಯ ಮೇಲೆ ಕೂತು ನೋಡಿದ್ದು ಸುಡುವುದಿಲ್ಲವೆಂದು ಕಾಣುತ್ತದೆ. ಕೆಂಪಾಪುರದಲ್ಲಿ ಜಗಲಿಗಳು ಉಳಿದಿಲ್ಲ. ಅದಕ್ಕೇ ಟೀ ಅಂಗಡಿ.

ಹುಡುಗಿ ಹೋದ ಮೇಲೆ "ಯಾವಾಗ್ಲೂ" ಎಂದವನ ಫೋನು ಟಿಂಗ್ ಎಂದಿತು. ನೋಡಿ ನಕ್ಕ. ಹೊಸ ಚಲನ್. ಪಕ್ಕದವನು ಇಣುಕಿದ. ಎಷ್ಟಾಯ್ತು ಒಟ್ಟು? ಆರು ಸಾವಿರ ಚಿಲ್ಲರೆ. ಕಟ್ಟಲ್ವಾ? ಆಗ ಅವನು ಆಡಿದ ಮಾತು ಯಾವ ನಮೂನೆಯ ಯಾವ ಕಾಲಮ್ಮಿಗೂ ಸಿಗುವಂಥದ್ದಲ್ಲ: "ಈಗ ಕಟ್ಟಿದ್ರೆ ಫುಲ್ಲು ಗುರೂ. ಸ್ವಲ್ಪ ದಿನ ತಡಿ, ಹಾಫ್ ಮಾಡ್ತಾರೆ."

ಅವನ ಲೆಕ್ಕ ಸುಳ್ಳಲ್ಲ. 2019ರ ಸೆಪ್ಟೆಂಬರ್ 1ರಿಂದ ದೇಶಕ್ಕೆಲ್ಲ ಮೋಟಾರು ವಾಹನ ಕಾಯ್ದೆಯ ಹೊಸ ದಂಡಗಳು ಬಂದಾಗ ಹೆಲ್ಮೆಟ್ಟಿಲ್ಲದ ತಲೆಗೆ ಸಾವಿರ ರೂಪಾಯಿ ಎಂದಾಯಿತು. ಗಲಾಟೆ ಎದ್ದಿತು, ತಿಂಗಳೊಳಗೇ ಕರ್ನಾಟಕ ಅದನ್ನು ಐನೂರಕ್ಕೆ ಇಳಿಸಿತು. 2023ರ ಫೆಬ್ರುವರಿಯಲ್ಲಿ ಬಾಕಿ ದಂಡಕ್ಕೆ ಶೇಕಡ 50 ರಿಯಾಯಿತಿ ಬಂತು. ಕೊನೆಯ ದಿನಾಂಕ ಫೆಬ್ರುವರಿ 11, ಲೋಕ ಅದಾಲತ್ತಿನ ದಿನ. ಅಂದರೆ ಐನೂರು ಇನ್ನೂರೈವತ್ತಾಯಿತು. ಜನ ಠಾಣೆಗಳ ಮುಂದೆ ಸಾಲುಗಟ್ಟಿದರು. ಬೆಂಗಳೂರಿನಲ್ಲೇ ನೂರು ಕೋಟಿ ರೂಪಾಯಿ ದಾಟಿ ವಸೂಲಾಯಿತು. ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಮಾರ್ಚಿನಲ್ಲಿ ಮತ್ತೊಮ್ಮೆ. 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ, ಗೌರಿ ಗಣೇಶ ಹಬ್ಬಕ್ಕೆ ಹೊಂದಿಸಿದಂತೆ, ಇನ್ನೊಮ್ಮೆ. ಅದೇ ವರ್ಷದ ನವೆಂಬರಿನಲ್ಲಿ ಮಗದೊಮ್ಮೆ. ಸೀರೆ ಅಂಗಡಿಗಳಿಗೆ ವರ್ಷಕ್ಕೆ ಒಂದೇ ಆಷಾಢ. ದಂಡಕ್ಕೆ ಹಾಗೇನಿಲ್ಲ.

ಈ ಕತೆಯ ಅತ್ಯಂತ ರಸವತ್ತಾದ ತುಣುಕು ನಡೆದದ್ದು ಇಲ್ಲೇ, ಟೀ ಅಂಗಡಿಯಿಂದ ಕೂಗಳತೆಯಲ್ಲಿ. ಹೊರವರ್ತುಲ ರಸ್ತೆಯಿಂದ ಮೇಖ್ರಿ ವೃತ್ತದ ಕಡೆಗೆ ಹೋಗುವವರಿಗಾಗಿ ಹೆಬ್ಬಾಳ ಮೇಲ್ಸೇತುವೆಗೆ ಸೇರಿಸಿದ ಹೊಸ ಲೂಪನ್ನು 2025ರ ಆಗಸ್ಟ್ 18ರಂದು ಉದ್ಘಾಟಿಸಿದರು. ಅದಕ್ಕೂ ಮೊದಲು, ಆಗಸ್ಟ್ ಮೊದಲ ವಾರದಲ್ಲಿ, ಕಾಮಗಾರಿ ನೋಡಲು ಬಂದ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಹೆಲ್ಮೆಟ್ಟು ಧರಿಸಿ ಒಂದು ಸ್ಕೂಟರ್ ಏರಿ ಆ ಲೂಪಿನ ಮೇಲೆ ಸಾಗಿದರು. ವಿಡಿಯೊ ಎಲ್ಲರ ಫೋನಿಗೂ ಬಂತು. ನಮ್ಮ ಜನ ಸುಮ್ಮನೆ ನೋಡುವವರೇ? ಗಾಡಿಯ ನಂಬರ್ ಹಾಕಿ ಹುಡುಕಿದರು. ಆ ಸ್ಕೂಟರಿನ ಮೇಲೆ ಮೂವತ್ತಕ್ಕೂ ಹೆಚ್ಚು ಪ್ರಕರಣಗಳು, 18,500 ರೂಪಾಯಿ ದಂಡ ಬಾಕಿ. ಗಾಡಿ ಅವರದಲ್ಲ, ಯಾರದೋ. ಸುದ್ದಿಯಾದ ಮೇಲೆ ಗಾಡಿಯವರು ಪೂರ್ತಿ ದಂಡ ಕಟ್ಟಿದರೆಂದು ಪತ್ರಿಕೆಗಳಲ್ಲಿ ಬಂತು. ಮೂರು ವಾರ ತುಂಬುವ ಮೊದಲೇ ರಿಯಾಯಿತಿ ಶುರು. ಆಗಸ್ಟ್ 23ರವರೆಗೆ ಕಾದಿದ್ದರೆ 9,250ಕ್ಕೆ ಮುಗಿಯುತ್ತಿತ್ತು. ಕೆಂಪಾಪುರದ ಟೀ ಅಂಗಡಿಯಲ್ಲಿ ಆ ದಿನಗಳಲ್ಲಿ ಎಲ್ಲರೂ ಮರುಗಿದ್ದು ಈ 9,250ಕ್ಕೆ. ಮೂವತ್ತು ಚಿಲ್ಲರೆ ತಪ್ಪುಗಳಿಗಲ್ಲ.

ದಂಡ ಎಂಬ ಪದದಲ್ಲಿ ಕೋಲಿದೆ, ಶಿಕ್ಷೆಯಿದೆ, ಸ್ವಲ್ಪ ನಾಚಿಕೆಯೂ ಇದೆ. ಅದು ದರಪಟ್ಟಿಯಾದಾಗ ಏನಾಗುತ್ತದೆಂದು ಇಸ್ರೇಲಿನ ಹೈಫಾದಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು, ಊರಿ ಗ್ನೀಝಿ ಮತ್ತು ಆಲ್ಡೊ ರುಸ್ತಿಕಿನಿ, ಪರೀಕ್ಷೆ ಮಾಡಿ ನೋಡಿದ್ದರು. ಹತ್ತು ಶಿಶುವಿಹಾರಗಳು. ಸಂಜೆ ಮಗುವನ್ನು ಕರೆದೊಯ್ಯಲು ಅಪ್ಪ ಅಮ್ಮ ತಡವಾಗಿ ಬರುತ್ತಾರೆ, ಟೀಚರು ಕಾಯುತ್ತಾ ಕೂರಬೇಕು. ಆರು ಕಡೆ ತಡ ಮಾಡಿದವರಿಗೆ ಸಣ್ಣದೊಂದು ದಂಡ ಹಾಕಿದರು. ತಡ ಮಾಡುವವರು ಕಡಿಮೆಯಾಗಲಿಲ್ಲ, ಹೆಚ್ಚಾದರು, ಹೆಚ್ಚುಕಡಿಮೆ ಎರಡು ಪಟ್ಟು. ಮೊದಲು ಟೀಚರ ಮುಖ ನೋಡಲು ಸಂಕೋಚವಾಗುತ್ತಿತ್ತು. ಈಗ ಹೇಗೂ ದುಡ್ಡು ಕೊಡುತ್ತೇವಲ್ಲ. ಆಮೇಲೆ ದಂಡ ತೆಗೆದುಹಾಕಿದರು. ತಡ ಮಾಡುವವರು ತಡ ಮಾಡುತ್ತಲೇ ಉಳಿದರು. ಒಮ್ಮೆ ಹೋದ ಸಂಕೋಚ ವಾಪಸು ಬರಲಿಲ್ಲ. 2000ದಲ್ಲಿ ಪ್ರಕಟವಾದ ಆ ಪ್ರಬಂಧದ ಹೆಸರಿನ ಅರ್ಥ 'ದಂಡವೆಂದರೆ ಬೆಲೆ' ಎಂದು. ಆ ಬೆಲೆಯ ಮೇಲೊಂದು ರಿಯಾಯಿತಿ ಘೋಷಿಸುವ ಯೋಚನೆ ಪಾಪ ಅವರಿಗೆ ಹೊಳೆದಿರಲಿಲ್ಲ. ಅದು ನಮ್ಮ ಕಾಣಿಕೆ.

ಬೆಂಗಳೂರಿನ ರಸ್ತೆಗಳ ಮೇಲೂ ಒಳ್ಳೆಯ ಪ್ರಯೋಗಗಳು ನಡೆದಿವೆ. 2008ರ ಅಕ್ಟೋಬರಿನಿಂದ ಆರು ತಿಂಗಳು ಸ್ಟ್ಯಾನ್‌ಫರ್ಡಿನ ಬಾಲಾಜಿ ಪ್ರಭಾಕರ್ ಮತ್ತು ಸಂಗಡಿಗರು ಇನ್ಫೋಸಿಸ್ ನೌಕರರ ನಡುವೆ ಒಂದು ಆಟ ಹೂಡಿದರು. ದಟ್ಟಣೆಗೆ ಮೊದಲೇ ಕಚೇರಿ ಮುಟ್ಟಿದವರಿಗೆ ಅಂಕ. ಅಂಕ ಕೂಡಿಸಿಕೊಂಡವರಿಗೆ ವಾರಕ್ಕೊಮ್ಮೆ ಲಾಟರಿಯಲ್ಲಿ ನಗದು ಬಹುಮಾನ. ಸುಮಾರು 14,000 ಮಂದಿಯ ಆಟ. ಬೇಗ ಬರುವವರ ಸಂಖ್ಯೆ ಹತ್ತಿರ ಹತ್ತಿರ ಎರಡು ಪಟ್ಟಾಯಿತು. ಚೀಟಿ ಎತ್ತುವುದರಲ್ಲಿ ಪಳಗಿದ ಊರಿಗೆ ಇದೇನೂ ಹೊಸತಲ್ಲ. ಯಾರಿಗೋ ಬಂದೀತು, ನನಗೇ ಯಾಕೆ ಬರಬಾರದು ಎಂಬ ಆಸೆಗೆ ಅಲಾರಂ ಇಟ್ಟುಕೊಂಡು ಏಳುವ ಶಕ್ತಿ ಇದೆ. ಗೇಬ್ರಿಯಲ್ ಕ್ರೈಂಡ್ಲರ್ ಎಂಬ ಸಂಶೋಧಕ 2017ರಲ್ಲಿ ಬೇರೆ ದಾರಿ ಹಿಡಿದ. ದಕ್ಷಿಣ ಬೆಂಗಳೂರಿನ ಪೆಟ್ರೋಲ್ ಬಂಕುಗಳಲ್ಲಿ ಸವಾರರನ್ನು ಮಾತಾಡಿಸಿ, ಐನೂರರಷ್ಟು ಮಂದಿಯ ಫೋನಿಗೆ ಆ್ಯಪ್ ಹಾಕಿ, ದಟ್ಟಣೆಯ ಹೊತ್ತಿನಲ್ಲಿ ಹೊರಟರೆ ಇಷ್ಟು ಎಂದು ಅವರ ಖಾತೆಯಿಂದ ಕಡಿತ ಮಾಡಿ ನೋಡಿದ. ಜನ ಹೊರಡುವ ಹೊತ್ತನ್ನು ಅಷ್ಟಿಷ್ಟು ಬದಲಿಸಿದರು. ಆದರೆ ಊರಿಗೆಲ್ಲ ಇಂಥ ಶುಲ್ಕ ಹಾಕಿದರೆ ಲಾಭ ಅಷ್ಟೇನಿಲ್ಲ ಎಂದು ಅವನ ಲೆಕ್ಕ ಹೇಳಿತು. ಇಲ್ಲಿಯ ರಸ್ತೆಗಳಲ್ಲಿ ಗಾಡಿಗಳು ಕೊಂಚ ತಗ್ಗಿದರೆ ವೇಗ ಏರುವುದೂ ಕೊಂಚವೇ. ಹೆಬ್ಬಾಳದಲ್ಲಿ ಒಮ್ಮೆ ಸಿಕ್ಕಿಹಾಕಿಕೊಂಡವರು ಯಾರೂ ಇದಕ್ಕೆ ಆಶ್ಚರ್ಯಪಡಲಾರರು.

ಶಿಕ್ಷೆ ಎಷ್ಟು ದೊಡ್ಡದು ಎಂಬುದಕ್ಕಿಂತ ಎಷ್ಟು ಖಚಿತ ಎಂಬುದೇ ಜನರನ್ನು ತಡೆಯುತ್ತದೆ ಎಂದು ಇಟಲಿಯ ಚಿಂತಕ ಬೆಕಾರಿಯಾ 1764ರಲ್ಲೇ ಬರೆದ. ನಮ್ಮಲ್ಲಿ 2022ರ ಕೊನೆಯಲ್ಲಿ 50 ಜಂಕ್ಷನ್ನುಗಳಲ್ಲಿ ನಂಬರ್ ಪ್ಲೇಟ್ ಓದುವ ಕ್ಯಾಮೆರಾಗಳು ಬಂದವು. ಈಗ ಕಣ್ಣು ತಪ್ಪಿಸುವುದು ಕಷ್ಟ, ತಪ್ಪು ಮಾಡಿದ ದಿನವೇ ಫೋನು ಟಿಂಗ್ ಎನ್ನುತ್ತದೆ. ಕಣ್ಣೇನೋ ಖಚಿತವಾಯಿತು. ಕೈ ಖಚಿತವಾಗಲಿಲ್ಲ. ನೋಡುತ್ತಾರೆ, ಬರೆದುಕೊಳ್ಳುತ್ತಾರೆ, ಕಾಯುತ್ತಾರೆ. ಆಮೇಲೆ ಅರ್ಧ ಬಿಡುತ್ತಾರೆ. ಕ್ಯಾಮೆರಾಕ್ಕಿಂತ ಬಿಳಿ ಟೊಪ್ಪಿಗೆ ಹುಡುಗರು ಹೆಚ್ಚು ಹೆದರುವುದು ಇದೇ ಕಾರಣಕ್ಕೆ. ಟೊಪ್ಪಿ ಅಲ್ಲೇ, ಆಗಲೇ, ಎಲ್ಲರೆದುರು ಗಾಡಿಯ ಕೀ ಕಿತ್ತುಕೊಳ್ಳಬಲ್ಲದು.

ಆಸ್ತಿ ತೆರಿಗೆಯದೂ ಇದೇ ಜಾಯಮಾನ. ಏಪ್ರಿಲಿನಲ್ಲೇ ಕಟ್ಟಿದವರಿಗೆ ಶೇಕಡ 5 ಬಿಡುತ್ತಿದ್ದ ಅಂದಿನ ಮಹಾನಗರ ಪಾಲಿಕೆ, 2024ರಲ್ಲಿ ಕಟ್ಟದೆ ಕೂತವರಿಗೆ ಬಡ್ಡಿಯನ್ನೇ ಬಿಟ್ಟುಕೊಟ್ಟಿತು. ಯೋಜನೆಯ ಹೆಸರು 'ಒಂದು ಬಾರಿಯ ತೀರುವಳಿ'. ಆ ಒಂದು ಬಾರಿಯ ಗಡುವನ್ನು ಒಂದಕ್ಕಿಂತ ಹೆಚ್ಚು ಬಾರಿ ಮುಂದೂಡಿದರು.

ಬಾಕಿ ವಸೂಲಿಗೆ ಬೇರೆ ದಾರಿಯಿಲ್ಲ, ಲಕ್ಷಾಂತರ ಪ್ರಕರಣಗಳನ್ನು ಯಾವ ಕೋರ್ಟು ಹೊತ್ತೀತು ಎಂದು ಕೇಳಬಹುದು. ಸರಿಯಾದ ಪ್ರಶ್ನೆಯೇ. ನೂರು ಕೋಟಿ ಬಂದದ್ದು ಖಜಾನೆಯ ಲೆಕ್ಕದಲ್ಲಿ ನಿಜ. ಆದರೆ ಹೆಲ್ಮೆಟ್ಟು ಮೊಣಕೈಯಿಂದ ತಲೆಗೆ ಏರಿತೇ ಎಂಬ ಲೆಕ್ಕ ಖಜಾನೆಯಲ್ಲಿ ಸಿಗುವುದಿಲ್ಲ. ಅದಕ್ಕೆ ಇಲ್ಲಿ ಬಂದು ನಿಲ್ಲಬೇಕು.

ಆ ದಿನ ಸಂಜೆ ಏಳರ ಹೊತ್ತಿಗೆ ಮತ್ತೆ ಟೀ ಅಂಗಡಿಯ ಬಳಿಗೆ ಹೋದೆ. ಸೇತುವೆಯ ಮೇಲೆ ಕೆಂಪು ದೀಪಗಳ ಸಾಲು ಅಲುಗಾಡದೆ ನಿಂತಿತ್ತು. ಸರ್ವಿಸ್ ರೋಡಿನಲ್ಲಿ ಎದುರು ದಿಕ್ಕಿನಿಂದ ಬೈಕುಗಳು ಒಂದರ ಹಿಂದೊಂದು ಬರುತ್ತಲೇ ಇದ್ದವು. ಮೊದಲನೆಯವನಿಗೆ ಅಳುಕು, ಎರಡನೆಯವನಿಗೆ ಧೈರ್ಯ, ಮೂರನೆಯವನಿಗೆ ಹಕ್ಕು. ಸರಿಯಾದ ದಿಕ್ಕಿನಲ್ಲಿ ಬರುತ್ತಿದ್ದ ಒಬ್ಬ ಮುದುಕರು ಟಿವಿಎಸ್ ಮೊಪೆಡ್ಡನ್ನು ಪಕ್ಕಕ್ಕೆ ಇಳಿಸಿ, ಎಲ್ಲರಿಗೂ ದಾರಿ ಬಿಟ್ಟು ನಿಂತರು. ಅವರ ತಲೆಯ ಮೇಲೆ ಹೆಲ್ಮೆಟ್ಟಿತ್ತು, ಪಟ್ಟಿ ಬಿಗಿದಿತ್ತು. ಬೆಳಿಗ್ಗೆ ಸಮೀಕ್ಷೆಯ ಹುಡುಗಿ ಅವರನ್ನು ಕೇಳಿರಲಿಲ್ಲ.

ಇಷ್ಟೆಲ್ಲ ಬರೆಯುವ ನನ್ನ ಗಾಡಿಯ ಮೇಲೂ ಒಂದು ಚಲನ್ ಇದೆ. ಸಿಗ್ನಲಿನಲ್ಲಿ ಬಿಳಿ ಗೆರೆ ದಾಟಿ ನಿಂತದ್ದಕ್ಕೆ, ಐನೂರು ರೂಪಾಯಿ. ಕಟ್ಟಲು ಫೋನಿನಲ್ಲಿ ಎರಡು ನಿಮಿಷ ಸಾಕು. ಸಂದೇಶ ಬಂದು ನಾಲ್ಕು ತಿಂಗಳಾಯಿತು.