ಮಾದರಿಯ ನಾಲ್ಕು ಭಾಗ: ಆಹಾರ ತಪಾಸಣೆಯ ಬಲ ಮತ್ತು ಮಿತಿ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಹಾಲಿನ ಮೊದಲ ಪರೀಕ್ಷೆ ನಡೆಯುವುದು ಊರಿನ ಡೈರಿಯಲ್ಲಿ. ಧಾರವಾಡ ಹಾಲು ಒಕ್ಕೂಟಕ್ಕೆ ಸೇರಿದ ಸಹಕಾರ ಸಂಘಗಳು ಜಿಡ್ಡನ್ನೂ, ಜಿಡ್ಡು ಬಿಟ್ಟು ಉಳಿಯುವ ಘನಾಂಶವನ್ನೂ ನೋಡಿ ದರ ಕಟ್ಟುವುದರಿಂದ ನೀರು ಬೆರೆಸಿದವರಿಗೆ ಅಲ್ಲಿಯೇ ನಷ್ಟವಾಗುತ್ತದೆ; ಹಾಲನ್ನೆಲ್ಲ ಸಂಘಕ್ಕೇ ಹಾಕುವ ಸದಸ್ಯರಿಗೆ ಆಹಾರ ಸುರಕ್ಷತಾ ನೋಂದಣಿಯಿಂದ ವಿನಾಯಿತಿಯೂ ಇದೆ. ಆದರೆ ಮನೆಮನೆಗೆ ವರ್ತನೆಯ ಹಾಲು ಕೊಡುವವರು, ಹೋಟೆಲು, ಬೇಕರಿ, ಗೂಡಂಗಡಿಗಳು, ಜೋನಿಬೆಲ್ಲ, ಜೇನುತುಪ್ಪ, ತೊಡದೇವು ಮಾರುವ ಗೃಹೋದ್ಯಮಗಳು ಈ ವಿನಾಯಿತಿಗೆ ಒಳಪಡುವುದಿಲ್ಲ.

ಇವರೆಲ್ಲರಿಗೂ ಅನ್ವಯಿಸುವುದು 1954ರ ಕಲಬೆರಕೆ ತಡೆ ಕಾಯ್ದೆಯ ಸ್ಥಾನದಲ್ಲಿ 2011ರ ಆಗಸ್ಟ್ 5ರಿಂದ ಜಾರಿಗೆ ಬಂದ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ. ಅಂಗಡಿಯ ಸ್ವಚ್ಛತೆ, ಕಸದ ವಿಲೇವಾರಿ, ವ್ಯಾಪಾರ ಪರವಾನಗಿಗಳನ್ನು ನಗರಸಭೆ ಮತ್ತು ಪಟ್ಟಣ ಪಂಚಾಯಿತಿಗಳ ಆರೋಗ್ಯ ನಿರೀಕ್ಷಕರು ನೋಡಿಕೊಂಡರೆ, ಈ ಕಾಯ್ದೆಯಡಿ ಮಾದರಿ ಸಂಗ್ರಹಿಸುವವರು ಆಹಾರ ಸುರಕ್ಷತಾ ಅಧಿಕಾರಿಗಳು. ಅವರು ನೋಟಿಸು ನೀಡಿ, ಸಾಕ್ಷಿಯ ಸಮ್ಮುಖದಲ್ಲಿ, ಬೆಲೆ ಕೊಟ್ಟೇ ಮಾದರಿಯನ್ನು ಪಡೆದು, ನಾಲ್ಕು ಭಾಗ ಮಾಡಿ ಸೀಲು ಹಾಕಬೇಕು. ಮಾರುವ ಹಾಲಿಗೆ ಬೆರೆಸುವುದು ನಿಷಿದ್ಧವಾದ ಫಾರ್ಮಾಲಿನ್ನನ್ನು ಮಾದರಿಯ ಹಾಲಿಗೆ ಮಾತ್ರ, ಅದು ಕೆಡದಿರಲೆಂದು ಹಾಕಲಾಗುತ್ತದೆ. ಒಂದು ಭಾಗ ಆಹಾರ ವಿಶ್ಲೇಷಕರಿಗೆ, ಎರಡು ಭಾಗ ಅಂಕಿತಾಧಿಕಾರಿಗೆ ಹೋದರೆ, ನಾಲ್ಕನೆಯದನ್ನು ಮಾನ್ಯತೆ ಪಡೆದ ಬೇರೆ ಪ್ರಯೋಗಾಲಯಕ್ಕೆ ಕಳುಹಿಸುವಂತೆ ಮಾರಾಟಗಾರರು ಕೇಳಬಹುದು. ಎರಡು ವರದಿಗಳು ಹೊಂದಿಕೆಯಾಗದಿದ್ದರೆ ಮೈಸೂರಿನ ಸಿಎಫ್‌ಟಿಆರ್‌ಐಯಂತಹ ಉಲ್ಲೇಖಿತ ಪ್ರಯೋಗಾಲಯದ ತೀರ್ಮಾನವೇ ಅಂತಿಮ. ಪ್ರಾಮಾಣಿಕ ವ್ಯಾಪಾರಿಯನ್ನು ಬರಿಯ ಸಂಶಯದಿಂದ ಕಾಯುವುದು ಈ ಕಟ್ಟುನಿಟ್ಟಿನ ಕ್ರಮವೇ.

ಆದರೆ ಸಾಕ್ಷ್ಯ ಕೂಡಿಸಲು ಸಮಯ ಬೇಕು. ವಿಶ್ಲೇಷಕರ ವರದಿಗೆ ಕಾಯ್ದೆ 14 ದಿನಗಳ ಅವಧಿ ಕೊಟ್ಟಿದ್ದು, ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆ ಮುಗಿಯಲು ಒಂಬತ್ತೇ ದಿನ ಸಾಕು. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಬಾಂಬೆ ಮಿಠಾಯಿಯಲ್ಲಿ ರೋಡಮೈನ್-ಬಿ ಬಣ್ಣವನ್ನೂ ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣಗಳನ್ನೂ ನಿಷೇಧಿಸಿದ ಬೆನ್ನಿಗೇ ಆ ವರ್ಷದ ಜಾತ್ರೆ ಬಂದಿತ್ತು. ವರದಿ ಬರುವ ಹೊತ್ತಿಗೆ ತಾತ್ಕಾಲಿಕ ಅಂಗಡಿ ಎದ್ದುಹೋಗಿರುವ ಇಂತಹ ಕಡೆ ಬಣ್ಣ, ಕರಿದ ಎಣ್ಣೆ, ಕುಡಿಯುವ ನೀರುಗಳನ್ನು ಸ್ಥಳದಲ್ಲೇ ನೋಡುವುದೂ, ವ್ಯಾಪಾರಿಗಳಿಗೆ ಮೊದಲೇ ತಿಳಿವಳಿಕೆ ನೀಡುವುದೂ ಮಾದರಿ ಸಂಗ್ರಹಕ್ಕಿಂತ ಹೆಚ್ಚು ಫಲ ಕೊಡುತ್ತವೆ.

ಉಳಿದ ಕೆಲಸ ಕೊಳ್ಳುವವರದು. ಕಾಯ್ದೆಯ 40ನೆಯ ಕಲಮಿನಂತೆ ಯಾವ ಗ್ರಾಹಕರಾದರೂ ಮಾರಾಟಗಾರರಿಗೆ ತಿಳಿಸಿ, ಶುಲ್ಕ ತೆತ್ತು, ಕೊಂಡ ಪದಾರ್ಥವನ್ನು ಆಹಾರ ವಿಶ್ಲೇಷಕರಿಂದ ಪರೀಕ್ಷಿಸಿಕೊಳ್ಳಬಹುದು. ದೋಷ ಕಂಡುಬಂದರೆ ಶುಲ್ಕ ಮರಳಿ ಸಿಗುತ್ತದೆ. ಅನುಮಾನ ಬಂದಾಗ ಈ ಹಕ್ಕನ್ನು ಬಳಸಿಕೊಳ್ಳಬೇಕು.