ಮೊಬೈಲ್ ಕವರೂ ಶುಚಿಯಾಗಿರಲಿ

ಪ್ರಸಾದಕ್ಕೆ ಕೂಡುವ ಮುನ್ನ ನಾವು ಕೈ ತೊಳೆಯುತ್ತೇವೆ. ತೊಳೆದ ಕೈಯಿಂದಲೇ ಮತ್ತೆ ಮೊಬೈಲ್ ಹಿಡಿಯುತ್ತೇವೆ. ಅದರ ಕವರಿಗೆ ಅಂಟಿದ ಕೊಳೆ ತುತ್ತಿನೊಡನೆ ಬಾಯಿ ಸೇರುತ್ತದೆ.

ನಮ್ಮ ಭಾಗದಲ್ಲಿ ಈ ಕೊಳೆ ಬರಿಯ ಧೂಳಲ್ಲ. ನಿಪ್ಪಾಣಿ, ಚಿಕ್ಕೋಡಿಗಳಲ್ಲಿ ತಂಬಾಕು ಮುಟ್ಟಿದ ಕೈ, ರಾಯಬಾಗ, ಅಥಣಿ, ಕಾಗವಾಡಗಳ ಕಬ್ಬಿನ ಹೊಲದಲ್ಲಿ ಕೀಟನಾಶಕ ಸಿಂಪಡಿಸಿದ ಕೈ ಅದೇ ಕವರನ್ನು ಹಿಡಿಯುತ್ತದೆ. ತಂಬಾಕಿನ ನಿಕೋಟಿನ್ ಚರ್ಮದ ಮೂಲಕವೂ ದೇಹವನ್ನು ಸೇರಬಲ್ಲದು. ಸಂಜೆ ಆ ಮೊಬೈಲನ್ನೇ ಮಗುವಿನ ಕೈಗೆ ಕೊಡುತ್ತೇವೆ. ಮಗು ಅದನ್ನು ಬಾಯಿಗಿಡುತ್ತದೆ.

ಆದ್ದರಿಂದ ವಾರಕ್ಕೊಮ್ಮೆಯಾದರೂ ಕವರನ್ನು ಬಿಚ್ಚಿ ಸ್ವಚ್ಛಗೊಳಿಸೋಣ. ಸಿಲಿಕೋನ್ ಅಥವಾ ಪ್ಲಾಸ್ಟಿಕ್ಕಿನದಾದರೆ ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ಹಳೆಯ ಬ್ರಶ್‌ನಿಂದ ಮೂಲೆಗಳನ್ನು ಉಜ್ಜಿ ತೊಳೆದು, ನೆರಳಿನಲ್ಲಿ ಪೂರ್ಣವಾಗಿ ಒಣಗಿದ ಮೇಲೆಯೇ ಹಾಕಬೇಕು. ಚರ್ಮದ ಕವರನ್ನು ನೀರಿನಲ್ಲಿ ನೆನೆಸಬಾರದು. ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿದರೆ ಸಾಕು. ಬ್ಲೀಚಿಂಗ್ ಪುಡಿ ಬೇಡ. ಪಾರದರ್ಶಕ ಕವರು ಬಿಸಿಲಿಗೆ ಹಳದಿಯಾಗಿದ್ದರೆ ಅದು ಕೊಳೆಯಲ್ಲ, ಎಷ್ಟು ಉಜ್ಜಿದರೂ ಹೋಗದು. ಬಿರುಕು ಬಿಟ್ಟ ಕವರನ್ನು ಮಾತ್ರ ಬದಲಿಸಬೇಕು. ಕೊಳೆ ಕೂಡುವುದು ಬಿರುಕಿನಲ್ಲಿಯೇ.

ಹೊಲದಿಂದ, ಬೀಡಿ ಕಟ್ಟುವ ಕೆಲಸದಿಂದ ಮನೆಗೆ ಬಂದವರು ಮೊದಲು ಮೊಬೈಲನ್ನು ಒರೆಸಿ, ಬಳಿಕ ಕೈ ತೊಳೆದು, ಆಮೇಲೆ ಕೂಸನ್ನು ಎತ್ತಿಕೊಳ್ಳಲಿ.