ತಾಳಕ್ಕೆ ಕಟ್ಟಿದ ಪದ: ಕಡಕೋಳ ಮಡಿವಾಳಪ್ಪನವರ ಬದುಕು ಮತ್ತು ಹಾಡು

ಕಡಕೋಳ ಮಡಿವಾಳಪ್ಪನವರು ಕಲಬುರಗಿ ಸೀಮೆಯ ತತ್ವಪದಕಾರರಲ್ಲಿ ಹಿರಿಯರು. 18ನೆಯ ಶತಮಾನದ ಉತ್ತರಾರ್ಧದಲ್ಲಿ ಹುಟ್ಟಿ 19ನೆಯ ಶತಮಾನದ ನಡುಗಾಲದವರೆಗೆ ಬಾಳಿದವರು. ಹುಟ್ಟೂರು ಅಫಜಲಪುರ ತಾಲ್ಲೂಕಿನ ಬಿದನೂರು. ಗುರು ದೊರೆತದ್ದು ಅದೇ ತಾಲ್ಲೂಕಿನ ಚಿಣಮಗೇರಿಯಲ್ಲಿ. ಅಲೆದಾಡಿ ಕಡೆಗೆ ನೆಲೆ ನಿಂತದ್ದು ಕಡಕೋಳದಲ್ಲಿ. ಬಹುಕಾಲ ಜೇವರ್ಗಿ ತಾಲ್ಲೂಕಿನಲ್ಲಿದ್ದ ಆ ಊರು ಈಗ ಯಡ್ರಾಮಿ ತಾಲ್ಲೂಕಿಗೆ ಸೇರಿದೆ. ಪದ ಕಟ್ಟುವುದು, ಕಟ್ಟಿದ್ದನ್ನು ತಾಳ ಹಿಡಿದು ಹಾಡುವುದು, ಹಾಡುವವರನ್ನು ಕೂಡಿಸಿ ಮ್ಯಾಳ ಕಟ್ಟುವುದು, ಇವು ಮೂರೂ ಅವರ ಪರಂಪರೆಯಲ್ಲಿ ಒಂದೇ ಕೆಲಸ.

ಅವರು ನಡೆದಾಡಿದ ನೆಲದ ಗುಣ ತಿಳಿಯದೆ ಅವರ ಹಾಡು ಅರ್ಥವಾಗುವುದು ಕಷ್ಟ. ಆಳಂದದಲ್ಲಿ ಲಾಡ್ಲೆ ಮಶಾಕರ ದರ್ಗಾ ಇದೆ. ಉರುಸಿಗೆ ಜಾತಿ ಧರ್ಮ ಕೇಳದೆ ಜನ ಸೇರುತ್ತಾರೆ. ಅಫಜಲಪುರ ತಾಲ್ಲೂಕಿನಲ್ಲಿ ಭೀಮಾ ಮತ್ತು ಅಮರ್ಜಾ ಕೂಡುವಲ್ಲಿ ಗಾಣಗಾಪುರದ ದತ್ತ ಕ್ಷೇತ್ರವಿದೆ; ಮರಾಠಿ ಮಾತಾಡುವ ಭಕ್ತರು ಅಲ್ಲಿಗೆ ಶತಮಾನಗಳಿಂದ ಬರುತ್ತಿದ್ದಾರೆ. ಜೇವರ್ಗಿ ಕಡೆಯ ಅರಳಗುಂಡಗಿಯಲ್ಲಿ 1746ರಲ್ಲಿ ಹುಟ್ಟಿದ ಶರಣಬಸವೇಶ್ವರರು ದಾಸೋಹದಿಂದ ನಾಡಿಗೆಲ್ಲ ಹೆಸರಾದವರು. ಸೂಫಿ, ದತ್ತ, ಶರಣ, ನಾಥ, ಆರೂಢ ಹೀಗೆ ಹಲವು ಪಂಥಗಳು ಇಲ್ಲಿ ಅಕ್ಕಪಕ್ಕದ ಓಣಿಗಳಲ್ಲೇ ಇದ್ದವು. ಹೈದರಾಬಾದು ನಿಜಾಮರ ಆಳ್ವಿಕೆಯಲ್ಲಿ ದಫ್ತರದ ಭಾಷೆ ಫಾರಸಿ, ಮುಂದೆ ಉರ್ದು. ಕನ್ನಡ ಓದು ಬರಹಕ್ಕೆ ಸರ್ಕಾರದ ಆಸರೆ ಇರಲಿಲ್ಲ. ಆ ಕೊರತೆಯನ್ನು ತುಂಬಿದ್ದು ಪುರಾಣ ಪ್ರವಚನ, ಬಯಲಾಟ, ಮೊಹರಂ ಹಬ್ಬದ ರಿವಾಯತ್ ಪದ ಮತ್ತು ಭಜನೆ. ಒಕ್ಕಲಿಗನಿಗೂ ಕೂಲಿಯವನಿಗೂ ಕನ್ನಡದ ಚಿಂತನೆ ದಕ್ಕಿದ್ದು ಓದಿನಿಂದಲ್ಲ, ಕಿವಿಯಿಂದ.

ಬಿದನೂರಿನ ಬಾಲ್ಯದ ಬಗ್ಗೆ ಪರಂಪರೆ ಹೇಳುವ ಕಥೆಗಳು ಒಂದಕ್ಕೊಂದು ಹೊಂದುವುದಿಲ್ಲ. ತಾಯಿ ಗಂಗಮ್ಮ ಎಂಬ ಮಾತು ಹೆಚ್ಚು ಕಡೆ ಕೇಳಿಬರುತ್ತದೆ. ಹುಟ್ಟಿನ ಕಾರಣಕ್ಕೇ ಹುಡುಗ ಊರಿನ ಮಡಿವಂತರ ತಾತ್ಸಾರಕ್ಕೆ ಒಳಗಾದ ಎಂಬ ಅಂಶವನ್ನು ಮಾತ್ರ ಕಥೆಗಳು ಬಿಡುವುದಿಲ್ಲ. ಯಾರು ದೀಕ್ಷೆಗೆ ಅರ್ಹರು, ಯಾರು ಅಲ್ಲ ಎಂಬ ಲೆಕ್ಕ ಹಾಕುತ್ತಿದ್ದ ಕಾಲದಲ್ಲಿ ಅವರಿಗೆ ಬಾಗಿಲು ತೆರೆದವರು ಚಿಣಮಗೇರಿಯ ಮಹಾಂತಪ್ಪನವರು. ಚಿನ್ಮಯಗಿರಿ ಎಂದೂ ಕರೆಯುವ ಆ ಮಠದ ಗುರುವನ್ನು ಮಡಿವಾಳಪ್ಪನವರು ಕಡೆತನಕ ಮರೆಯಲಿಲ್ಲ. ಅವರ ಪದಗಳ ಅಂಕಿತವೇ ಗುರು ಮಹಾಂತ. ಹಾಡಿನ ಕೊನೆಯ ನುಡಿಯಲ್ಲಿ ಆ ಹೆಸರು ಬಂತೆಂದರೆ ಕೇಳುವವರಿಗೆ ಇದು ಕಡಕೋಳದ ಪದ ಎಂದು ಗುರುತು ಹತ್ತುತ್ತದೆ.

ಗುರುವಿನಿಂದ ಬೋಧೆ ಪಡೆದ ಮೇಲೆ ಮಡಿವಾಳಪ್ಪನವರು ಒಂದು ಕಡೆ ನಿಲ್ಲಲಿಲ್ಲ. ಅರಳಗುಂಡಗಿಯಲ್ಲಿ ಕೆಲಕಾಲ ಇದ್ದರೆಂದೂ ಅಲ್ಲಿನ ಸಂಪ್ರದಾಯಸ್ಥರ ವಿರೋಧ ಕಟ್ಟಿಕೊಂಡು ಹೊರಡಬೇಕಾಯಿತೆಂದೂ ಪರಂಪರೆ ನೆನೆಯುತ್ತದೆ. ವಿರೋಧಕ್ಕೆ ಕಾರಣ ಅವರ ಹಾಡುಗಳನ್ನು ಕೇಳಿದರೆ ತಾನಾಗಿ ತಿಳಿಯುತ್ತದೆ. ವೇಷ ತೊಟ್ಟು ಉಂಡು ತಿರುಗುವ ಗುರುಗಳನ್ನು, ಮಂತ್ರವನ್ನು ಮಾರುವವರನ್ನು, ಹೊರಗೆ ಮಡಿ ಒಳಗೆ ಮೈಲಿಗೆ ಇಟ್ಟುಕೊಂಡವರನ್ನು ಅವರು ನೇರವಾಗಿ ತರಾಟೆಗೆ ತೆಗೆದುಕೊಂಡವರು. ಕಡಕೋಳದ ಜನ ಅವರಿಗೆ ಜಾಗ ಕೊಟ್ಟರು. ಅಲ್ಲಿಯೇ ಪದಗಳ ದೊಡ್ಡ ಭಾಗ ಹುಟ್ಟಿತು, ಶಿಷ್ಯರು ಸೇರಿದರು, ಅಲ್ಲಿಯೇ ಅವರ ಗದ್ದುಗೆಯೂ ಇದೆ. ಭಕ್ತರು ಈಗ ಅವರನ್ನು ಮಡಿವಾಳೇಶ್ವರ ಎನ್ನುತ್ತಾರೆ. ಮಠ ಪೂಜೆಯನ್ನು ಉಳಿಸಿತು. ಹಾಡಿನ ಕಾರವನ್ನು ಉಳಿಸಿದವರು ಮ್ಯಾಳದವರು.

ತತ್ವಪದದ ಕಟ್ಟು ಸರಳ. ಮೊದಲಿಗೆ ಪಲ್ಲವಿ, ಆಮೇಲೆ ಮೂರೋ ನಾಲ್ಕೋ ನುಡಿ, ಕೊನೆಯ ನುಡಿಯಲ್ಲಿ ಅಂಕಿತ. ಪ್ರತಿ ನುಡಿ ಮುಗಿದಾಗಲೂ ಹಾಡು ಪಲ್ಲವಿಗೆ ಮರಳುತ್ತದೆ. ಈ ಮರಳುವಿಕೆಯಲ್ಲಿ ದೊಡ್ಡ ಜಾಣತನವಿದೆ. ಅಕ್ಷರ ಬಾರದವನು ನುಡಿಗಳನ್ನು ಮರೆತರೂ ಪಲ್ಲವಿಯನ್ನು ಮರೆಯುವುದಿಲ್ಲ. ಒಂದೇ ರಾತ್ರಿ ಅದನ್ನು ಎಷ್ಟೋ ಸಲ ತಾನೇ ಹಾಡಿರುತ್ತಾನೆ. ಆದಿಪ್ರಾಸ, ಅಂತ್ಯಪ್ರಾಸಗಳು ನೆನಪಿಗೆ ಗೂಟ ಹೊಡೆದ ಹಾಗೆ. ಒಂದು ಶಬ್ದ ಸಿಕ್ಕರೆ ಮುಂದಿನ ಸಾಲು ಬಾಯಿಗೆ ತಾನೇ ಬರುತ್ತದೆ. ಮಾತು ಕಲಬುರಗಿ ಕಡೆಯ ಆಡುಮಾತು, ನಡುನಡುವೆ ಉರ್ದು, ಮರಾಠಿ ಶಬ್ದ. ವೇದಾಂತದ ಇಪ್ಪತ್ತೈದು ತತ್ವ, ಆರು ಚಕ್ರ, ಒಂಬತ್ತು ಬಾಗಿಲು ಎಲ್ಲವೂ ಹೊಲ, ಬಂಡಿ, ಬೀಸುವ ಕಲ್ಲು, ಸಂತೆ, ಮನೆ ಎಂಬ ರೂಪದಲ್ಲಿ ಬರುತ್ತವೆ. ಮೇಲ್ನೋಟಕ್ಕೆ ಒಕ್ಕಲುತನದ ಹಾಡು, ಒಳಗೆ ದೇಹದ ಲೆಕ್ಕ. ಇದನ್ನೇ ಬೆಡಗು ಎನ್ನುವುದು.

ಹಾಡಿನ ಅರ್ಧ ಜೀವ ತಾಳದಲ್ಲಿದೆ. ತತ್ವಪದದವರ ಹಳೆಯ ವಾದ್ಯಗಳು ಎರಡು, ಏಕತಾರಿ ಮತ್ತು ದಮ್ಮಡಿ. ಏಕತಾರಿಗೆ ಒಂದು ಬುರುಡೆ, ಒಂದು ಕೋಲು, ಒಂದೇ ತಂತಿ. ಹಾಡುವವನು ಅದನ್ನು ಭುಜಕ್ಕೆ ಆನಿಸಿ ತೋರುಬೆರಳಿನಿಂದ ಮೀಟುತ್ತಾನೆ. ಅದು ಕೊಡುವುದು ಆಧಾರ ಶ್ರುತಿ, ಆದರೆ ಮೀಟು ಬೀಳುವುದು ಲಯಕ್ಕೆ ಸರಿಯಾಗಿ. ಹೀಗಾಗಿ ಶ್ರುತಿಯೂ ತಾಳವೂ ಒಂದೇ ಬೆರಳಿನಲ್ಲಿ ಇರುತ್ತವೆ. ಇನ್ನೊಂದು ಕೈಯಲ್ಲಿ ಚಿಟಿಕಿ ಇದ್ದರೆ ಹಿಮ್ಮ್ಯಾಳವಿಲ್ಲದೆಯೂ ಒಬ್ಬನೇ ಊರೂರು ತಿರುಗಿ ಹಾಡಬಹುದು. ಪದ ಕಟ್ಟಿದವರಲ್ಲಿ ಹೆಚ್ಚಿನವರು ಹೀಗೆ ತಿರುಗಿದವರೇ. ನಡೆಯುವ ಕಾಲಿನ ಗತ್ತು ಅವರ ಪದಗಳ ನಡಿಗೆಯಲ್ಲಿ ಕೇಳಿಸುತ್ತದೆ.

ದಮ್ಮಡಿ ಗೇಣಗಲದ ಮರದ ಬಳೆಗೆ ಒಂದು ಬದಿ ಚರ್ಮ ಬಿಗಿದ ವಾದ್ಯ. ಎಡಗೈಯಲ್ಲಿ ಹಿಡಿದು ಬಲಗೈ ಬೆರಳುಗಳಿಂದ ಬಡಿಯುತ್ತಾರೆ. ನಡುವೆ ಬಡಿದರೆ ದುಂಡು ನಾದ, ಅಂಚಿಗೆ ಬಡಿದರೆ ಚುರುಕು ಪೆಟ್ಟು. ಎಡಗೈ ಬೆರಳಿನಿಂದ ಚರ್ಮವನ್ನು ಒತ್ತಿ ಬಿಟ್ಟರೆ ನಾದ ಏರಿ ಇಳಿಯುತ್ತದೆ. ಮಳೆಗಾಲದ ತಂಪಿಗೆ ಚರ್ಮ ಸಡಿಲಾಗುತ್ತದೆ. ಆಗ ಬೆಂಕಿಗೆ ಹಿಡಿದು ಕಾಯಿಸಿ, ಬೆರಳಿನಿಂದ ತಟ್ಟಿ ನೋಡಿ, ಮತ್ತೆ ಕಾಯಿಸಿ ಹದಕ್ಕೆ ತರುತ್ತಾರೆ. ಹಿಂದೆ ಮೇಕೆಯ ಚರ್ಮದಂತೆ ಉಡದ ಚರ್ಮಕ್ಕೂ ಬೇಡಿಕೆ ಇತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಉಡಕ್ಕೆ ರಕ್ಷಣೆ ಕೊಟ್ಟಿತು. ಈಗ ಬಹಳ ಕಡೆ ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ ಬಿಗಿದ ದಮ್ಮಡಿ ಕಾಣುತ್ತದೆ. ಅದಕ್ಕೆ ಬೆಂಕಿಯ ಹಂಗಿಲ್ಲ, ಆದರೆ ಒತ್ತಿದಾಗ ಏರಿಳಿಯುವ ಆ ದುಂಡು ನಾದವೂ ಇಲ್ಲ.

ಭಜನೆಗೆ ಅಮಾವಾಸ್ಯೆ, ಸೋಮವಾರ, ಶ್ರಾವಣ ಮಾಸ ವಿಶೇಷ. ಗುಡಿಯ ಕಟ್ಟೆಯ ಮೇಲೋ ಮಠದ ಪಡಸಾಲೆಯಲ್ಲೋ ಊಟ ಮುಗಿದ ಮೇಲೆ ಮ್ಯಾಳ ಕೂಡುತ್ತದೆ. ಮುಂದಾಳು ಒಂದು ಸೊಲ್ಲು ಹೇಳಿದರೆ ಉಳಿದವರು ಅದನ್ನೇ ಹಿಡಿದು ಎತ್ತುತ್ತಾರೆ. ಮೊದಲ ಪದ ನಿಧಾನ, ಮಾತು ಬಿಡಿಬಿಡಿಯಾಗಿ ಕೇಳಬೇಕು. ನುಡಿಯಿಂದ ನುಡಿಗೆ ದಮ್ಮಡಿ ತಾಳ ಬಿಗಿ ಮಾಡುತ್ತ ಹೋಗುತ್ತದೆ. ಅಂಕಿತದ ನುಡಿಗೆ ಬರುವಾಗ ಲಯ ಇಮ್ಮಡಿಯಾಗಿರುತ್ತದೆ, ಕಂಚಿನ ತಾಳಗಳು ಜೊತೆಗೂಡಿರುತ್ತವೆ, ಕೂತವರ ತಲೆ ತೂಗುತ್ತಿರುತ್ತದೆ. ಎರಡು ಮ್ಯಾಳ ಎದುರಾದರೆ ಸವಾಲು ಜವಾಬು. ಒಬ್ಬರು ಬೆಡಗಿನ ಪದದಲ್ಲಿ ಪ್ರಶ್ನೆ ಇಟ್ಟರೆ ಇನ್ನೊಬ್ಬರು ಪದದಲ್ಲೇ ಉತ್ತರ ಕೊಡಬೇಕು. ಉತ್ತರ ಹೊಳೆಯುವವರೆಗೆ ಹಾಡಿನ ನಡುವೆ ಕಾಲಾವಕಾಶ ಮಾಡಿಕೊಡುವವನು ದಮ್ಮಡಿಯವನೇ. ಅವನ ಕೈ ಸೋತರೆ ಮ್ಯಾಳ ಸೋತಂತೆ. ಸಾವಿನ ಮನೆಯಲ್ಲೂ ಇದೇ ಮ್ಯಾಳ ಬರುತ್ತದೆ. ಹೆಣವಿಟ್ಟು ಬೆಳಗು ಕಾಯುವ ರಾತ್ರಿ ದೇಹ ಬಿದ್ದುಹೋಗುವ ಮನೆ ಎಂಬ ಪದಗಳನ್ನು ಕೇಳಿ ಕೂರುವವರಿಗೆ ತತ್ವಶಾಸ್ತ್ರ ದೂರದ ವಿಷಯವಲ್ಲ.

ಮಡಿವಾಳಪ್ಪನವರ ಪದಗಳಲ್ಲಿ ಅತ್ಯಂತ ದಿಟ್ಟವಾದದ್ದು ಮುಟ್ಟು ಮೈಲಿಗೆಯನ್ನು ಕುರಿತದ್ದು. ಹೆಣ್ಣಿನ ಮುಟ್ಟಿನ ನೆತ್ತರಿನಲ್ಲೇ ಮೂಡಿ ಬಂದ ದೇಹ ಇನ್ನೊಬ್ಬರನ್ನು ಮುಟ್ಟಬಾರದವರು ಎನ್ನುವುದು ಹೇಗೆ ಎಂದು ಆ ಪದ ಕೇಳುತ್ತದೆ. ಹೆಣ್ಣನ್ನು ಮೂರು ದಿನ ಹೊರಗೆ ಕೂರಿಸುವ ಮಡಿಯನ್ನೂ ಹೊಲಗೇರಿಯನ್ನು ಊರ ಹೊರಗಿಟ್ಟ ಮಡಿಯನ್ನೂ ಅವರು ಬೇರೆ ಬೇರೆ ಎಂದು ನೋಡಲಿಲ್ಲ. ಎರಡರ ಬುಡ ಒಂದೇ ಎಂದು ಕಂಡು, ಆ ಬುಡಕ್ಕೇ ಪೆಟ್ಟು ಕೊಟ್ಟರು. ಕನ್ನಡದ ಪ್ರಗತಿಪರ ಚಿಂತನೆಯ ಚರಿತ್ರೆ ಬರೆಯುವವರು 12ನೆಯ ಶತಮಾನದ ವಚನಗಳಿಂದ ನೇರ 20ನೆಯ ಶತಮಾನಕ್ಕೆ ಜಿಗಿಯುವುದು ರೂಢಿ. ನಡುವಿನ ಕಾಲ ಬರಿದಾಗಿರಲಿಲ್ಲ ಎನ್ನಲು ಈ ಒಂದು ಪದವೇ ಸಾಕು.

ಹಾಡಿದ್ದನ್ನು ಅವರು ಬಾಳಿಯೂ ತೋರಿಸಿದರು. ಅವರ ಶಿಷ್ಯಬಳಗದಲ್ಲಿ ಖೈನೂರಿನ ಕೃಷ್ಣಪ್ಪ, ಚನ್ನೂರಿನ ಜಲಾಲಸಾಬ, ಕಡ್ಲೇವಾಡದ ಸಿದ್ದಪ್ಪ, ತೆಲಗಬಾಳದ ರೇವಪ್ಪ ಮೊದಲಾದವರು ಇದ್ದರು. ಕೃಷ್ಣಪ್ಪನವರು ದಲಿತರು, ಜಲಾಲಸಾಬರು ಮುಸ್ಲಿಮರು. ಇವರು ಗುರುವಿನ ಹಾಡನ್ನು ಹಿಮ್ಮ್ಯಾಳದಲ್ಲಿ ಎತ್ತಿ ಸುಮ್ಮನಾದವರಲ್ಲ, ತಾವೇ ಪದ ಕಟ್ಟಿದರು. ಒಬ್ಬ ಪದಕಾರನ ಸುತ್ತ ಇನ್ನಷ್ಟು ಪದಕಾರರು ಬೆಳೆದು ಒಂದೊಂದು ಊರಿಗೆ ಒಂದೊಂದು ದನಿ ಹುಟ್ಟಿತು. ಕಲಬುರಗಿ, ಯಾದಗಿರಿ, ವಿಜಯಪುರ ಸೀಮೆಯ ತತ್ವಪದಕಾರರ ಪಟ್ಟಿಯಲ್ಲಿ ಪ್ರತಿ ಹೆಸರಿಗೂ ಮುಂದೆ ಊರಿನ ಹೆಸರು ಅಂಟಿಕೊಂಡಿರುವುದು ಇದೇ ಕಾರಣಕ್ಕೆ.

ಪದಗಳು ಬಹುಕಾಲ ಉಳಿದದ್ದು ಬಾಯಲ್ಲಿ ಮತ್ತು ಕೈಬರಹದ ವಹಿಗಳಲ್ಲಿ. ಮ್ಯಾಳದಲ್ಲಿ ಅಕ್ಷರ ಬಲ್ಲ ಒಬ್ಬನಿದ್ದರೆ ಅವನ ಮನೆಯಲ್ಲಿ ಇಂಥ ವಹಿ ಇರುತ್ತಿತ್ತು. ಪೂಜೆಗೆ ಇಡುವ ಪುಸ್ತಕದ ಮರ್ಯಾದೆ ಅದಕ್ಕೆ. ಹೀಗಾಗಿ ಒಂದೇ ಪದ ಊರಿಂದ ಊರಿಗೆ ಬದಲಾಗಿ ಸಿಗುತ್ತದೆ. ಒಂದು ಕಡೆ ನಾಲ್ಕು ನುಡಿ, ಇನ್ನೊಂದು ಕಡೆ ಐದು. ಕೆಲವು ಪದಗಳಿಗೆ ಅಂಕಿತವೇ ಬೇರೆ. ಈ ತೊಡಕಿನ ಸಾಹಿತ್ಯವನ್ನು ವಿದ್ವತ್ತಿನ ಕಣ್ಣಿಗೆ ತಂದವರಲ್ಲಿ ಕಲಬುರಗಿಯ ಮೀನಾಕ್ಷಿ ಬಾಳಿ ಮುಖ್ಯರು. ಮಡಿವಾಳಪ್ಪನವರು ಮತ್ತು ಅವರ ಶಿಷ್ಯರ ಪದಗಳ ಮೇಲೆ ಅವರು ಸಂಶೋಧನೆ ನಡೆಸಿದ್ದಾರೆ. ಮಡಿವಾಳಪ್ಪನವರು ನೆಲೆ ನಿಂತ ಊರಿನ ಹೆಸರನ್ನೇ ಹೊತ್ತ ಲೇಖಕ ಮಲ್ಲಿಕಾರ್ಜುನ ಕಡಕೋಳ ಮತ್ತೆ ಮತ್ತೆ ಈ ಪರಂಪರೆಯ ಬಗ್ಗೆ ಬರೆದಿದ್ದಾರೆ. ಬೆಂಗಳೂರಿನ ರಾಷ್ಟ್ರೀಯ ಸಂತಕವಿ ಕನಕದಾಸ ಅಧ್ಯಯನ ಮತ್ತು ಸಂಶೋಧನಾ ಕೇಂದ್ರ ನಾಡಿನ ತತ್ವಪದಗಳನ್ನು ಜಿಲ್ಲೆ ಜಿಲ್ಲೆಯಿಂದ ಕೂಡಿಸಿ ಸಮಗ್ರ ಸಂಪುಟಗಳಾಗಿ ತಂದದ್ದು ಇತ್ತೀಚಿನ ದೊಡ್ಡ ಕೆಲಸ.

ನಗರದ ಕಿವಿಗೆ ತತ್ವಪದ ಮುಟ್ಟಿದ್ದು ಹೆಚ್ಚಾಗಿ ಶಿಶುನಾಳ ಶರೀಫರ ಮೂಲಕ. ಶರೀಫರ ಕಾಲ 1819ರಿಂದ 1889; ಮಡಿವಾಳಪ್ಪನವರಿಗಿಂತ ಒಂದು ತಲೆಮಾರು ಈಚಿನವರು. ಸಿ. ಅಶ್ವತ್ಥ್ ಅವರ ದನಿ, 1990ರಲ್ಲಿ ಟಿ.ಎಸ್. ನಾಗಾಭರಣ ನಿರ್ದೇಶಿಸಿದ ಸಂತ ಶಿಶುನಾಳ ಶರೀಫ ಸಿನಿಮಾ ಆ ಹಾಡುಗಳನ್ನು ಮನೆಮನೆಗೆ ತಂದವು. 2008ರಲ್ಲಿ ಬಂದ ರಘು ದೀಕ್ಷಿತ್ ಪ್ರಾಜೆಕ್ಟ್ ತಂಡದ ಆಲ್ಬಮ್ ಶರೀಫರ ಗುಡುಗುಡಿಯ ಪದವನ್ನು ಗಿಟಾರು ಮತ್ತು ಡ್ರಮ್ಸಿಗೆ ಹೊಂದಿಸಿತು. ಪಲ್ಲವಿಗೆ ಮರಳುವ ಕಟ್ಟು, ಏರುತ್ತ ಹೋಗುವ ಲಯ, ಎಲ್ಲರೂ ಕೂಡಿ ಎತ್ತುವ ಸೊಲ್ಲು ರಾಕ್ ಸಂಗೀತಕ್ಕೂ ಬೇಕಾದವೇ. ಆದ್ದರಿಂದ ಪದ ಅಲ್ಲಿ ಪರದೇಶಿಯಾಗಲಿಲ್ಲ. ಮಡಿವಾಳಪ್ಪನವರ ಪದಗಳಿಗೂ ಇದೇ ಕಟ್ಟಿದೆ, ಮಾತಿನ ಮೊನೆ ಇನ್ನೂ ಹರಿತ.

ಅವರ ಪದಗಳ ಮುಖ್ಯ ನೆಲೆ ಇಂದಿಗೂ ಮ್ಯಾಳಗಳೇ. ಕಲಬುರಗಿ ಆಕಾಶವಾಣಿ ಹಳ್ಳಿಯ ಹಾಡುಗಾರರಿಗೆ ಮೈಕು ಕೊಟ್ಟಿತು. ಹಾರ್ಮೋನಿಯಂ, ತಬಲಾ ಬಂದು ಏಕತಾರಿ ಮೂಲೆ ಸೇರುವಂತಾಯಿತು, ಈಗ ಕೀಬೋರ್ಡು ಹಾರ್ಮೋನಿಯಂನ ಜಾಗ ಕೇಳುತ್ತಿದೆ. ಹೆಣ್ಣುಮಕ್ಕಳ ಭಜನಾ ಮ್ಯಾಳಗಳೂ ಹುಟ್ಟಿಕೊಂಡಿವೆ. ಮೊಬೈಲಿನಲ್ಲಿ ಹಿಡಿದ ರಾತ್ರಿ ಭಜನೆಗಳು ಯೂಟ್ಯೂಬಿನಲ್ಲಿ ಸಿಗುತ್ತವೆ. ದುಡಿಯಲು ಪುಣೆ, ಮುಂಬೈಗೆ ಗುಳೆ ಹೋದವರು ಅಲ್ಲಿಂದಲೇ ಕೇಳುತ್ತಾರೆ. ಹಾಡುವವರು ಮುದ್ರಿತ ಸಂಪುಟದ ಪಾಠವನ್ನು ಅನುಸರಿಸುವುದು ಅಪರೂಪ. ತಮ್ಮ ಊರಿನ ಹಿರಿಯರಿಂದ ಬಂದ ನುಡಿಯನ್ನೇ ಹಾಡುತ್ತಾರೆ. ಮುಂದಿನ ಪರಿಷ್ಕರಣೆಗೆ ಕೈಹಾಕುವವರು ವಹಿಗಳ ಜೊತೆಗೆ ಈ ಧ್ವನಿಮುದ್ರಣಗಳನ್ನೂ ಪಾಠವೆಂದೇ ಪರಿಗಣಿಸಬೇಕಾಗುತ್ತದೆ.